ಎರೆ ನೆಲದ ಊರಿನಲ್ಲಿ ಬೀದಿಮರ ಬೆಳೆಸುವ ಬಗೆ

ರಾಯಚೂರು ಸೀಮೆಯಲ್ಲಿ ಮುಗಿಲಿಗೆ ತಾಗುವಂತೆ ಬೆಳೆದ ಬೇವನ್ನೂ ಜನ ‘ಬೇವಿನ ಗಿಡ’ ಎಂದೇ ಕರೆಯುತ್ತಾರೆ. ಬೀದಿಮರದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ನೆಟ್ಟ ಮೇಲೆ ಮೂರು ಬೇಸಿಗೆ ಕಳೆಯುವ ತನಕ ಅದು ಗಿಡವೇ. ಮರವಾಗುವುದೋ ಒಣಕಡ್ಡಿಯಾಗುವುದೋ ಆ ಅವಧಿಯಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಓಣಿಗೋ ಬಡಾವಣೆಗೋ ಮರಗಳನ್ನು ಯೋಜಿಸುವವರು, ಮೂರು ಬೇಸಿಗೆ ತಪ್ಪದೆ ನೀರು ಹೊರಲು ಆಗುವಷ್ಟೇ ಸಸಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ಬೀದಿಯನ್ನು ಒಮ್ಮೆ ನಡೆದು ನೋಡಿ, ತಲೆಯ ಮೇಲೆ ವಿದ್ಯುತ್ ತಂತಿ ಯಾವ ಬದಿಯಲ್ಲಿದೆ, ನೆಲದಡಿ ನೀರಿನ ಕೊಳವೆ ಮತ್ತು ಒಳಚರಂಡಿ ಎಲ್ಲಿ ಹಾದಿವೆ ಎಂಬುದನ್ನು ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳಿ. ತಂತಿಯಿರುವ ಬದಿಗೆ ಗಿಡ್ಡ ಜಾತಿ, ಇಲ್ಲದ ಬದಿಗೆ ದೊಡ್ಡ ಜಾತಿ. ದೊಡ್ಡ ಮರಗಳ ನಡುವೆ 8ರಿಂದ 10 ಮೀಟರ್, ಸಣ್ಣವುಗಳ ನಡುವೆ 5ರಿಂದ 6 ಮೀಟರ್ ಅಂತರ ಸಾಕು. ಅಡ್ಡರಸ್ತೆಯ ಮೂಲೆಯನ್ನು ಮಾತ್ರ ಖಾಲಿ ಬಿಡಿ. ತಿರುಗುವ ವಾಹನದವರಿಗೆ ಎದುರಿನದು ಕಾಣಬೇಕು.

ಇಲ್ಲಿ ಬಿಸಿಲಿನ ದಾರಿಯ ಬಗ್ಗೆ ಒಂದು ಮಾತು. ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ ನಡುಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ, ಮರದ ನೆರಳು ಅದರ ಬುಡದಲ್ಲೇ ಬೀಳುತ್ತದೆ. ಕಂಬದಂತೆ ಸೆಟೆದು ನಿಲ್ಲುವ ಅಲಂಕಾರದ ಅಶೋಕವನ್ನು ಸಾಲಾಗಿ ನೆಟ್ಟರೆ ನಡೆಯುವವನ ತಲೆಗೆ ಏನೂ ಸಿಗುವುದಿಲ್ಲ. ಕೊಡೆಯಂತೆ ಹರಡುವ ಮರವೇ ಬೇಕು. ಸಂಜೆಯ ಹೊತ್ತಿಗೆ ನೆರಳು ಪೂರ್ವಕ್ಕೆ ಚಾಚುವುದರಿಂದ, ತೆಂಕು–ಬಡಗು ಚಾಚಿದ ರಸ್ತೆಯಲ್ಲಿ ಪಶ್ಚಿಮದ ಬದಿಯ ಸಾಲು ಕಾದ ಡಾಂಬರನ್ನು ತಂಪಾಗಿಡುತ್ತದೆ.

ಜಾತಿಗಳಲ್ಲಿ ಬೇವು ಮತ್ತು ಹೊಂಗೆ ಈ ನೆಲಕ್ಕೆ ಹುಟ್ಟಿನಿಂದಲೇ ಒಗ್ಗಿದವು. ಬೇವು ಬರವನ್ನೂ ಸುಣ್ಣದ ಅಂಶವಿರುವ ಮಣ್ಣನ್ನೂ ತಾಳುತ್ತದೆ, ಆದರೆ ಬುಡದಲ್ಲಿ ನೀರು ನಿಂತರೆ ತಾಳುವುದಿಲ್ಲ. ಹೊಂಗೆ ಬರವನ್ನೂ ನಿಂತ ನೀರನ್ನೂ ಸಹಿಸುತ್ತದೆ. ಅಗಲ ರಸ್ತೆಗೆ ಹುಣಸೆ, ನೇರಳೆ, ಮೈದಾನದ ಅಂಚಿಗೆ ಆಲ, ಅರಳಿ ಸಲ್ಲುತ್ತವೆ. ಇಕ್ಕಟ್ಟಾದ ಪಾದಚಾರಿ ಮಾರ್ಗಕ್ಕೆ ಆಲ ಬೇಡವೇ ಬೇಡ. ಬೇಗ ಹಸಿರಾಗುತ್ತದೆಂದು ಕೊನೊಕಾರ್ಪಸ್ ಎಂಬ ಹೊರದೇಶದ ಅಲಂಕಾರದ ಮರಕ್ಕೆ ಮರುಳಾಗಬಾರದು. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಒಂದು ಊರಿನ ಮರಗಳಲ್ಲಿ ಯಾವುದೇ ಜಾತಿ ಶೇ. 10 ಮೀರಬಾರದೆಂದು ಅಮೆರಿಕದ ಸಸ್ಯತಜ್ಞ ಫ್ರ್ಯಾಂಕ್ ಸಂತಮೂರ್ 1990ರಲ್ಲಿ ಸೂಚಿಸಿದ್ದುಂಟು. ನಮ್ಮ ಬಿಸಿಲಿಗೆ ಬಾಳುವ ಜಾತಿಗಳೇ ಕಡಿಮೆ ಇರುವಾಗ ಆ ಲೆಕ್ಕ ಇಲ್ಲಿ ಕಷ್ಟ. ಐದರಲ್ಲಿ ಎರಡಕ್ಕಿಂತ ಹೆಚ್ಚು ಬೇವು ಬೇಡ ಎಂಬುದು ನನ್ನ ಮಿತಿ. ಯಾಕೆಂಬುದು ಕೊನೆಗೆ ತಿಳಿಯುತ್ತದೆ.

ಗುಂಡಿಯ ವಿಷಯದಲ್ಲಿ ಅವಸರ ಸಲ್ಲದು. ಕೆಂಪು ಮಣ್ಣಿನ ಮಸಾರಿ ನೆಲದಲ್ಲಿ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಬೇಸಿಗೆಯಲ್ಲಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದರಾಯಿತು. ಎರೆ, ಅಂದರೆ ಕಪ್ಪು ಜಿಗುಟು ಮಣ್ಣಿನ ನೆಲದ ಗುಣ ಬೇರೆ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಬಿರುಕು ಬಿಡುವಾಗ ಎಳೆ ಬೇರುಗಳನ್ನು ಹರಿಯುತ್ತದೆ. ನಾನು ಒಮ್ಮೆ ಎರೆಯಲ್ಲಿ ಆಳವಾಗಿ ತೋಡಿ, ಜಾಣತನವೆಂದುಕೊಂಡು ಪೂರ್ತಿ ಕೆಮ್ಮಣ್ಣು ತುಂಬಿಸಿದೆ. ಮಳೆಗಾಲದಲ್ಲಿ ಸುತ್ತಲಿನ ಜಿಗುಟು ಮಣ್ಣು ನೀರನ್ನು ಹೊರಗೆ ಬಿಡದೆ ಗುಂಡಿ ಬಾನಿಯಾಯಿತು, ಬೇವಿನ ಸಸಿ ಬೇರು ಕೊಳೆತು ಸತ್ತಿತು. ಎರೆಯಲ್ಲಿ ಗುಂಡಿ ಆಳಕ್ಕಿಂತ ಅಗಲವಾಗಿರಬೇಕು, ಗೋಡೆಗಳನ್ನು ಗುದ್ದಲಿಯಿಂದ ಒರಟು ಮಾಡಬೇಕು, ತೆಗೆದ ಅದೇ ಮಣ್ಣಿಗೆ ಗೊಬ್ಬರವನ್ನೂ ಸ್ವಲ್ಪ ಮರಳನ್ನೂ ಕಲಸಿ ತುಂಬಿ, ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ಒಂದೆರಡು ಅಂಗುಲ ಮೇಲಿರುವಂತೆ ನೆಡಬೇಕು. ಆಳೆತ್ತರದ, ಕಾಂಡ ಗಟ್ಟಿಯಾದ ಸಸಿಯನ್ನೇ ಆರಿಸಿ. ಚೀಲದೊಳಗೆ ಬೇರು ಸುರುಳಿ ಸುತ್ತಿದ್ದರೆ ಬಿಡಿಸಿ, ಇಲ್ಲವೇ ಕತ್ತರಿಸಿ. ಎರಡು ಹದವಾದ ಮಳೆ ಬಿದ್ದು ನೆಲ ನೆನೆದ ಮೇಲೆ ನೆಡುವುದು ಒಳ್ಳೆಯದು. ಆಡುಗಳಿಗೆ ತಡೆಯಾಗಿ ಮುಳ್ಳಿನ ಅಥವಾ ಕಬ್ಬಿಣದ ಬೇಲಿ ಅಂದೇ ಹಾಕಬೇಕು, ಮರುದಿನವಲ್ಲ.

ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ 15ರಿಂದ 20 ಲೀಟರ್, ಎರಡನೆಯದರಲ್ಲಿ ವಾರಕ್ಕೊಮ್ಮೆ 30ರಿಂದ 40 ಲೀಟರ್, ಮೂರನೆಯದರಲ್ಲಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಬೇರು ಕೆಳಗಿಳಿಯುತ್ತದೆ. ದಿನವೂ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿದು, ಮೊದಲ ಬಿರುಗಾಳಿಗೆ ಮರ ಮಲಗುತ್ತದೆ. ನೀರಿನ ಅಭಾವವಿದ್ದರೆ, ಸಸಿಯಿಂದ ಒಂದಡಿ ದೂರದಲ್ಲಿ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ತುಂಬಿ, ಬಾಯಿ ಮುಚ್ಚಿಡಿ. ಅದು ಜಿನುಗುತ್ತಲೇ ಇರುತ್ತದೆ. ಬುಡದ ಸುತ್ತ ಭತ್ತದ ಹುಲ್ಲನ್ನೋ ಶೇಂಗಾ ಹೊಟ್ಟನ್ನೋ ಮೂರು ಅಂಗುಲ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ತಾಗಿದರೆ ಗೆದ್ದಲಿಗೆ ಏಣಿ ಇಟ್ಟಂತೆ.

ಬೆಳೆದ ಮರಕ್ಕೆ ದೊಡ್ಡ ಕೇಡು ಕಾಂಕ್ರೀಟು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಮರದ ಸುತ್ತ ಒಂದು ಮೀಟರ್ ಜಾಗವನ್ನು ತೆರವುಗೊಳಿಸುವಂತೆ ಆದೇಶಿಸಿತ್ತು. ಪೇವರ್ ಕಲ್ಲು ಹಾಸುವ ಗುತ್ತಿಗೆಯ ಕರಾರಿನಲ್ಲೇ ಈ ಅಳತೆಯನ್ನು ಬರೆಸುವುದು ಲೇಸು. ಕೊಂಬೆ ತೆಗೆಯುವಾಗ ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ದು, ಅದರಾಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿಗೆ ಗಾಯವಾಗದಂತೆ ಕತ್ತರಿಸಬೇಕು. ಇಲ್ಲವಾದರೆ ಕೊಂಬೆ ಬೀಳುತ್ತ ಕಾಂಡದ ತೊಗಟೆಯನ್ನೇ ಸುಲಿಯುತ್ತದೆ. ಗಾಯಕ್ಕೆ ಡಾಂಬರು ಬಳಿಯುವುದರಿಂದ ಲಾಭವಿಲ್ಲ. ಮರವನ್ನೇ ಕಡಿಯಬೇಕಾದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಪಡೆಯಬೇಕು.

ಇನ್ನು ಬೇವಿನ ಮಿತಿಗೆ ಕಾರಣ. ಈಚಿನ ವರ್ಷಗಳಲ್ಲಿ ತೆಲಂಗಾಣದಲ್ಲೂ ನಮ್ಮಲ್ಲೂ ಮಳೆಗಾಲದ ಕೊನೆಗೆ ಬೇವುಗಳ ಕುಡಿಗಳು ಸುಟ್ಟಂತೆ ಕಂದಿ, ಮರವೇ ಸತ್ತಂತೆ ಕಾಣುವುದುಂಟು. ಇದು ಒಂದು ಶಿಲೀಂಧ್ರ ಮತ್ತು ರಸ ಹೀರುವ ತಿಗಣೆಯಿಂದ ಬರುವ ತುದಿಯೊಣಗು ರೋಗ. ಗಾಬರಿಯಿಂದ ಕೊಡಲಿ ಎತ್ತುವ ಮೊದಲು ಸಣ್ಣ ಕೊಂಬೆಯೊಂದನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಯುಗಾದಿಯವರೆಗೆ ಕಾದು, ಚಿಗುರು ಬಂದ ಮೇಲೆ ಒಣಗಿದ ತುದಿಗಳನ್ನಷ್ಟೇ ಕತ್ತರಿಸಿ ಸುಟ್ಟುಹಾಕಿ.