ಟರ್ಬೊ ಬಸ್ಸಿನ ಆಯಿಲ್ ಲೀಕ್: ಸೀಲ್ ಬಿಚ್ಚುವ ಮೊದಲು ನೋಡಬೇಕಾದ್ದು

ಬಸ್ಸಿನಡಿ ಎಣ್ಣೆ ತೊಟ್ಟಿಕ್ಕುವ ಜಾಗ ಒಂದು, ಹೊರಬರುವ ಜಾಗ ಇನ್ನೊಂದು. ಫ್ಯಾನಿನ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಅದು ಬ್ಲಾಕಿನ ಮೈಮೇಲೆ ಹರಿಯುತ್ತಾ ಕೆಳಗಿಳಿಯುತ್ತದೆ. ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರಿನ ಮೂಲೆಯಲ್ಲಿ ಹುಟ್ಟಿದ ಲೀಕ್ ಹಿಂಬದಿಯ ಫ್ಲೈವೀಲ್ ಹೌಸಿಂಗ್ ಕೆಳಗೆ ತೊಟ್ಟಿಕ್ಕಿದರೆ, ಕ್ರ್ಯಾಂಕಿನ ಹಿಂದಿನ ಸೀಲ್ ಹೋಯಿತೆಂದು ಗೇರ್ ಬಾಕ್ಸ್ ಇಳಿಸಿದ್ದೆಲ್ಲ ದಂಡ. ಸೀಲೇ ಸೋರುತ್ತಿದ್ದರೂ ತಪ್ಪು ಅದರದ್ದೇ ಆಗಿರಬೇಕಿಲ್ಲ. ಒಳಗೆ ಒತ್ತಡ ಕಟ್ಟಿಕೊಂಡರೆ ಹೊಸ ಸೀಲ್ ಕೂಡ ನಿಲ್ಲುವುದಿಲ್ಲ.

ತೊಳೆಯುವ ಮೊದಲು ಸೋರಿದ್ದು ಏನೆಂದು ನೋಡಿ. ಬಿಳಿ ಬಟ್ಟೆಗೆ ಒರೆಸಿ, ಮೂಸಿ. ಎಂಜಿನ್ ಆಯಿಲ್ ಕಪ್ಪಗೆ, ತೆಳ್ಳಗೆ ಹರಡುತ್ತದೆ. ಗೇರ್ ಆಯಿಲ್ ಮಂದ, ಗಂಧಕದ ಘಾಟು. ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ರಿಟರ್ನ್ ಪೈಪು, ಪಂಪಿನ ಕಡೆ ಹುಡುಕಿ. ಚಿಕ್ಕಮಗಳೂರಿನ ಚಳಿಯ ಬೆಳಗ್ಗೆ ಅರ್ಧ ಗಂಟೆ ಐಡಲ್‌ನಲ್ಲಿ ನಿಂತ ಬಸ್ಸಿನ ಸೈಲೆನ್ಸರ್ ಜಾಯಿಂಟುಗಳಲ್ಲಿ ಕಪ್ಪು ಜಿಡ್ಡು ಜಿನುಗುವುದುಂಟು. ಅದು ಹೆಚ್ಚಾಗಿ ಸುಡದ ಡೀಸೆಲ್ಲು ಮತ್ತು ಮಸಿ. ಲೋಡಿನಲ್ಲಿ ಒಮ್ಮೆ ಏರು ಹತ್ತಿಸಿದರೆ ಒಣಗುತ್ತದೆ. ಅದಕ್ಕಾಗಿ ಟರ್ಬೊ (ಸೈಲೆನ್ಸರಿಗೆ ಹೋಗುವ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಭಾಗ) ಬಿಚ್ಚಬೇಡಿ.

ಡಿಪ್‌ಸ್ಟಿಕ್ ಕೂಡ ಈಗಲೇ ನೋಡಿ. ಸಮತಟ್ಟಾದ ಜಾಗ, ಎಂಜಿನ್ ನಿಲ್ಲಿಸಿ ಹದಿನೈದು ನಿಮಿಷ. ಮೇಲಿನ ಗೆರೆ ದಾಟಿದ್ದರೆ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ಬ್ರೀದರಿನಿಂದ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಪೈಪು) ಹೊರದಬ್ಬುತ್ತದೆ. ಎಣ್ಣೆ ಹಾಕದೆಯೇ ಮಟ್ಟ ಏರಿದ್ದರೆ ಡೀಸೆಲ್ ಅಥವಾ ನೀರು ಸೇರುತ್ತಿದೆ.

ಎಂಜಿನ್ ತಣಿದ ಮೇಲೆ ಆಲ್ಟರ್ನೇಟರ್, ಸೆಲ್ಫ್ ಮೋಟರ್‌ಗೆ ಪ್ಲಾಸ್ಟಿಕ್ ಸುತ್ತಿ ಡಿಗ್ರೀಸರ್ ಹಾಕಿ ತೊಳೆಯಿರಿ. ಬಿಸಿ ಟರ್ಬೊ ಮೇಲೆ ತಣ್ಣೀರು ಬೇಡ, ಅದರ ಬೀಡು ಕಬ್ಬಿಣ ಬಿರುಕು ಬಿಟ್ಟೀತು. ಗಾಳಿ ಹೊಡೆದು ಒಣಗಿಸಿ, ಅನುಮಾನವಿರುವ ಜಾಗಕ್ಕೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಅದರ ಮೇಲೆ ಸಣ್ಣ ಜಿನುಗೂ ಎದ್ದು ಕಾಣುತ್ತದೆ. ಶೆಡ್ಡಿನಲ್ಲಿ ರೇಸ್ ಮಾಡಿದರೆ ಸಾಲದು. ಲೋಡಿನಲ್ಲಷ್ಟೇ ತಲೆದೋರುವ ಲೀಕುಗಳಿವೆ. ಕೈಮರ ದಾಟಿ ಗಿರಿ ಹತ್ತುವಂಥ ಏರಿನಲ್ಲಿ ಒಮ್ಮೆ ಓಡಿಸಿ ತನ್ನಿ. ಮಳೆ ಬರುವ ದಿನ ಬೇಡ, ಗುರುತೆಲ್ಲ ತೊಳೆದುಹೋಗುತ್ತದೆ.

ವಾಪಸ್ ಬಂದೊಡನೆ ಚಕ್ರಕ್ಕೆ ಅಡ್ಡ ಕೊಟ್ಟು, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ನೋಡುತ್ತಾ ಬನ್ನಿ: ಟ್ಯಾಪೆಟ್ ಕವರ್, ಟರ್ಬೊಗೆ ಎಣ್ಣೆ ಹೋಗುವ ಪೈಪು, ಫಿಲ್ಟರ್ ಹೆಡ್, ಆಯಿಲ್ ಕೂಲರ್, ಬ್ರೇಕಿಗೆ ಗಾಳಿ ತುಂಬುವ ಏರ್ ಕಂಪ್ರೆಸರಿನ ಬುಡ, ಮುಂದಿನ ಸೀಲ್, ತಳದ ಎಣ್ಣೆ ಚೇಂಬರ್. ಎಲ್ಲಕ್ಕಿಂತ ಎತ್ತರದಲ್ಲಿ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗವೇ ಮೂಲ. ಡ್ರೈನ್ ಪ್ಲಗ್ಗಿನ ತಾಮ್ರದ ವಾಷರನ್ನು ಪ್ರತಿ ಸಲವೂ ಬದಲಿಸಿ.

ಹೆಚ್ಚು ತಪ್ಪಾಗುವುದು ಟರ್ಬೊದಲ್ಲಿ. ಅದರ ಶಾಫ್ಟಿನಲ್ಲಿರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಉಂಗುರ. ಎರಡೂ ಬದಿಯ ಗಾಳಿಯ ಒತ್ತಡವೇ ಎಣ್ಣೆಯನ್ನು ಒಳಗೆ ಹಿಡಿದಿಡುತ್ತದೆ. ಹಾಗಾಗಿ ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ ಟರ್ಬೊದ ಕಂಪ್ರೆಸರ್ (ಗಾಳಿ ಎಳೆಯುವ) ಬದಿಯಲ್ಲಿ ಎಳೆತ ಹೆಚ್ಚಿ ಎಣ್ಣೆ ಹೀರಿಕೊಳ್ಳುತ್ತದೆ. ಬಹಳಷ್ಟು ಟರ್ಬೊ ಡೀಸೆಲ್ ಎಂಜಿನ್ನುಗಳಿಗೆ ಈ ಎಳೆತದ ಮಿತಿ 25 ಇಂಚು ನೀರಿನಷ್ಟು (ಎಳೆತ ಎಷ್ಟು ಎತ್ತರಕ್ಕೆ ನೀರನ್ನು ಏರಿಸಬಲ್ಲದು ಎಂಬ ಅಳತೆ). ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ದಾರಿಯ ಧೂಳು ತಿನ್ನುವ ಬಸ್ಸಿನಲ್ಲಿ ಮೊದಲು ಶಂಕಿಸಬೇಕಾದ್ದು ಇದನ್ನೇ. ಎರಡನೆಯದು ಟರ್ಬೊ ಕೆಳಗಿನ ರಿಟರ್ನ್ ಪೈಪು. ಇದರಲ್ಲಿ ಎಣ್ಣೆ ತನ್ನ ಭಾರಕ್ಕೇ ಇಳಿಯಬೇಕು. ಪೈಪು ಲಂಬದಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು, ನಡುವೆ ಜೋತು ಬೀಳಬಾರದು, ಒಳಗೆ ಕರಿ ಕಟ್ಟಿರಬಾರದು. ಇದರ ಪ್ಯಾಕಿಂಗಿಗೆ ಸಿಲಿಕೋನ್ ಬಳಿಯಲೇಬೇಡಿ, ಉಬ್ಬಿದ ಅಂಚು ದಾರಿ ಮುಚ್ಚುತ್ತದೆ.

ಇವೆರಡೂ ಸರಿಯಿದ್ದರೆ ಮಾತ್ರ ಇನ್‌ಟೇಕ್ ಹೋಸ್ ಬಿಚ್ಚಿ, ತಣ್ಣಗಿರುವ ಟರ್ಬೊದೊಳಗಿನ ರೆಕ್ಕೆಯ ಚಕ್ರವನ್ನು ಬೆರಳಿನಿಂದ ಆಡಿಸಿ. ಹಿಂದೆ ಮುಂದೆ ಆಡುವುದು ಸುಮಾರು 0.1 ಮಿ.ಮೀ. ಒಳಗಿರಬೇಕು, ಡಯಲ್ ಗೇಜ್ ಇಟ್ಟು ನೋಡಿ ಆ ಮಾಡೆಲ್ಲಿನ ಅಳತೆಗೆ ಹೋಲಿಸಿ. ಅಡ್ಡಕ್ಕೆ ಸ್ವಲ್ಪ ಆಟ ಸಹಜ, ಆದರೆ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಇರಬಾರದು. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಹೋಸಿನೊಳಗೆ ತೆಳು ಜಿಡ್ಡು ಮಾಮೂಲು, ಸುರಿಯುವಷ್ಟು ಎಣ್ಣೆ ಮಾಮೂಲಲ್ಲ. ಸೈಲೆನ್ಸರ್ ಕಡೆ ಎಣ್ಣೆ ಕಂಡರೆ ಟರ್ಬೊಗೆ ಮುಂಚಿನ ಮ್ಯಾನಿಫೋಲ್ಡ್ ಬಿಚ್ಚಿ. ಅಲ್ಲೂ ಒದ್ದೆಯಿದ್ದರೆ ಎಣ್ಣೆ ಬರುತ್ತಿರುವುದು ಸಿಲಿಂಡರಿನಿಂದ, ಟರ್ಬೊದಿಂದಲ್ಲ.

ಒಂದೇ ಸಲಕ್ಕೆ ಮೂರ್ನಾಲ್ಕು ಕಡೆ ಜಿನುಗುತ್ತಿದ್ದರೆ ಬ್ಲೋಬೈ (ಎಂಜಿನ್ನಿನ ಎಣ್ಣೆಯ ಭಾಗಕ್ಕೆ ಒಳಗಿನಿಂದ ನುಗ್ಗಿ ಒತ್ತಡ ಕಟ್ಟುವ ಗಾಳಿ, ಹೊಗೆ) ನೋಡಿ. ಬ್ರೀದರ್ ಪೈಪಿನ ತುದಿಗೆ ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಕಡೆಯ ಕೆಂಪು ಕೆಸರು ಮೆತ್ತಿಕೊಳ್ಳುತ್ತದೆ. ಅದನ್ನು ಬಿಡಿಸಿದರೆ ಎಷ್ಟೋ ಲೀಕುಗಳು ತಾವೇ ನಿಲ್ಲುತ್ತವೆ. ಬ್ರೀದರ್ ತೆರೆದಿದ್ದೂ ಒತ್ತಡವಿದ್ದರೆ ಏರ್ ಟ್ಯಾಂಕ್ ತುಂಬಿ ಗವರ್ನರ್ ಕಟ್ ಆಗುವಾಗ, ಅಂದರೆ ಏರ್ ಕಂಪ್ರೆಸರ್ ಗಾಳಿ ತುಂಬುವುದನ್ನು ನಿಲ್ಲಿಸಿದಾಗ, ಗಮನಿಸಿ. ಆಗ ಬ್ಲೋಬೈ ತಗ್ಗಿದರೆ ಏರ್ ಕಂಪ್ರೆಸರ್ ರಿಂಗ್ ಸವೆದಿದೆ. ಅದೇ ಬಸ್ಸಿನ ಏರ್ ಟ್ಯಾಂಕ್ ಡ್ರೈನ್ ಮಾಡಿದಾಗಲೂ ಎಣ್ಣೆ ಬರಬಹುದು. ತಗ್ಗದಿದ್ದರೆ ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್, ಕಂಪ್ರೆಷನ್ ಪರೀಕ್ಷೆ ಮಾಡಲೇಬೇಕು.

ಹೊರಗೆ ಹನಿಯೂ ಇಲ್ಲದೆ ಎಣ್ಣೆ ಕಮ್ಮಿಯಾಗುತ್ತಿದ್ದರೆ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿ, ಎಂಜಿನ್ ತಣ್ಣಗಿರುವಾಗಲೇ. ನೀರಿನ ಮೇಲೆ ಜಿಡ್ಡು ತೇಲುತ್ತಿದ್ದರೆ ಆಯಿಲ್ ಕೂಲರ್ ಮೇಲೆ ಅನುಮಾನ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ನೀರಿಗಿಂತ ಹೆಚ್ಚು, ಅದಕ್ಕೇ ಎಣ್ಣೆ ಮೊದಲು ನೀರಿಗೆ ಸೇರುತ್ತದೆ.

ಟರ್ಬೊದ ಬಿಸಿ ಬದಿಗೋ ಮ್ಯಾನಿಫೋಲ್ಡಿಗೋ ಎಣ್ಣೆ ಬೀಳುತ್ತಿದ್ದರೆ ಬಸ್ಸನ್ನು ಟ್ರಿಪ್ಪಿಗೆ ಕಳಿಸಬೇಡಿ. ಸಣ್ಣ ಹನಿಯಾದರೂ ಸರಿ, ಬೆಂಕಿ ಹತ್ತಲು ಅಷ್ಟು ಸಾಕು, ಒಳಗೆ ಜನ ಕೂತಿರುತ್ತಾರೆ.

ಟರ್ಬೊ ಬದಲಿಸಿದರೆ ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನು ಪೂರ್ತಿ ಬಸಿಯಿರಿ. ಉಳಿದ ಎಣ್ಣೆಯನ್ನೇ ಸುಟ್ಟು ಎಂಜಿನ್ ಹತೋಟಿ ತಪ್ಪಿ ರೇಸ್ ಆಗಬಹುದು. ಆಗ ಡೀಸೆಲ್ ನಿಲ್ಲಿಸಿದರೂ ಅದು ಆಫ್ ಆಗುವುದಿಲ್ಲ, ಗಾಳಿ ಮುಚ್ಚಬೇಕು. ಇನ್‌ಟೇಕ್ ಬಾಯಿಗೆ ಸರಿಹೋಗುವ ದಪ್ಪ ಹಲಗೆಯೊಂದನ್ನು ಮೊದಲ ಸ್ಟಾರ್ಟಿಗೆ ಮುಂಚೆಯೇ ಪಕ್ಕದಲ್ಲಿಟ್ಟುಕೊಳ್ಳಿ. ಕೈಯನ್ನೋ ಬಟ್ಟೆಯನ್ನೋ ಎಂದೂ ಅಡ್ಡ ಹಿಡಿಯಬೇಡಿ.