ವಾರ್ಷಿಕ ಸಭೆಗೆ ಯಾರನ್ನು ಕರೆಯಬೇಕು: ನನ್ನ ಅನುಭವ

ನಮ್ಮ ಭಾಗದ ಜೆನೆಟಿಕ್ಸ್ (ತಳಿವಿಜ್ಞಾನ) ಸೊಸೈಟಿ ದೊಡ್ಡದಲ್ಲ. ಡಿಗ್ರಿ ಕಾಲೇಜಿನ ಮೇಷ್ಟ್ರುಗಳು, ಪಿಎಚ್‌ಡಿ ಮಾಡುವವರು, ಕೃಷಿ ಮತ್ತು ರೇಷ್ಮೆಯಲ್ಲಿ ಕೆಲಸ ಮಾಡುವವರು, ಒಂದಿಬ್ಬರು ಡಾಕ್ಟರು. ವರ್ಷಕ್ಕೊಮ್ಮೆ ಎರಡು ದಿನ ಮೈಸೂರಿನಲ್ಲಿ ಸೇರುತ್ತೇವೆ. ಅತಿಥಿ ಉಪನ್ಯಾಸಕರನ್ನು ಕರೆಸುವ ಜವಾಬ್ದಾರಿ ಮೂರು ವರ್ಷ ನನ್ನ ಮೇಲಿತ್ತು.

ಮೊದಲ ವರ್ಷ ಹೆಸರು ನೋಡಿ ಕರೆದೆ. ಬಂದವರು ದೊಡ್ಡ ವಿಜ್ಞಾನಿ, ಮಾತೂ ಚೆನ್ನಾಗಿತ್ತು. ಆದರೆ ಡಿಎನ್‌ಎ ಎಂದರೇನು ಎನ್ನುವಲ್ಲಿಂದ ಶುರು ಮಾಡಿದರು. ಎಂಎಸ್ಸಿ ಮಕ್ಕಳು ಅದನ್ನು ಪಿಯುಸಿಯಲ್ಲೇ ಓದಿದ್ದರು. ಶಾಲು, ಹಾರ, ಮೈಸೂರು ಪೇಟ ಆಯಿತು. ಊಟಕ್ಕೆ ಮುಂಚೆಯೇ ಕಾರು ಹತ್ತಿದರು. ಕಲಬುರಗಿಯಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದ ಹುಡುಗಿಯೊಬ್ಬಳು ತನ್ನ ಸಂಶೋಧನೆಯ ಪೋಸ್ಟರ್ ಪಕ್ಕದಲ್ಲಿ ಸಂಜೆವರೆಗೂ ನಿಂತೇ ಇದ್ದಳು. ನೋಡಲು ಯಾರೂ ಬರಲಿಲ್ಲ. ಇದರಲ್ಲಿ ಆ ವಿಜ್ಞಾನಿಯದೇನೂ ತಪ್ಪಿಲ್ಲ. ಎದುರಿಗೆ ಯಾರು ಕೂತಿರುತ್ತಾರೆ, ನಮಗೇನು ಬೇಕು ಅಂತ ನಾನೇ ಅವರಿಗೆ ಹೇಳಿರಲಿಲ್ಲ.

ಎರಡನೇ ವರ್ಷ ಹೆಸರುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಸದಸ್ಯರಿಗೆಲ್ಲ ಒಂದೇ ಸಾಲು ಬರೆದೆ: 'ಕ್ಲಾಸಿನಲ್ಲಿ ಮಕ್ಕಳು ಕೇಳಿದ ಯಾವ ಪ್ರಶ್ನೆಗೆ ನಿಮ್ಮಿಂದ ಉತ್ತರ ಕೊಡಲು ಆಗಲಿಲ್ಲ?' ಬಂದ ಉತ್ತರಗಳಲ್ಲಿ ಎರಡು ಮತ್ತೆ ಮತ್ತೆ ಕಂಡವು. ಇಷ್ಟು ಸಣ್ಣ ಹೂವಿರುವ ರಾಗಿಯನ್ನು ಕ್ರಾಸ್ ಮಾಡುವುದು, ಅಂದರೆ ಒಂದು ತಳಿಗೆ ಇನ್ನೊಂದನ್ನು ಬೆರೆಸುವುದು ಹೇಗೆ? ಅಕ್ಕನ ಮಗಳನ್ನು ಮದುವೆಯಾದರೆ ನಿಜವಾಗಲೂ ತೊಂದರೆಯಾ?

ರಾಗಿಯ ಪ್ರಶ್ನೆಗೆ, ತಳಿ ಅಭಿವೃದ್ಧಿಯಲ್ಲೇ ಕೂದಲು ನೆರೆಸಿಕೊಂಡ ಒಬ್ಬರನ್ನು ಕರೆದೆವು. ಕಮಿಟಿಯಲ್ಲಿ ಒಬ್ಬರು, 'ಲೋಕಲ್ ಜನರನ್ನೇ ಕರೆದರೆ ಸಭೆಗೆ ತೂಕ ಇರುತ್ತಾ?' ಅಂದರು. ಜೆನೆಟಿಕ್ಸ್‌ಗೆ ಬುನಾದಿ ಹಾಕಿದ ಮೆಂಡೆಲ್ ತನ್ನ ಬಟಾಣಿ ಗಿಡಗಳ ಪ್ರಯೋಗದ ಲೆಕ್ಕವನ್ನು ಮೊದಲು ಮಂಡಿಸಿದ್ದು ಯುರೋಪಿನ ಬ್ರನೋ ಊರಿನ ನಿಸರ್ಗ ವಿಜ್ಞಾನ ಸಂಘದಲ್ಲಿ, 1865ರ ಫೆಬ್ರವರಿ ಮತ್ತು ಮಾರ್ಚ್‌ನ ಎರಡು ಸಭೆಗಳಲ್ಲಿ. ಅದೂ ಊರಿನದೇ ಸಂಘ, ಮಾತಾಡಿದವನೂ ಅದೇ ಊರಿನ ಮಠದವನು. ನಾನು ಇದನ್ನು ಹೇಳಿದ ಮೇಲೆ ಅವರು ಒಪ್ಪಿದರು.

ಆ ಹಿರಿಯರು ಬರುವಾಗ ಪಿಪಿಟಿ ತರಲಿಲ್ಲ. ಎರಡು ಟ್ರೇ ರಾಗಿ ಪೈರು, ಒಂದು ಕಟ್ಟು ತೆನೆ ತಂದರು. ರಾಗಿ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಭತ್ತದಲ್ಲಿ ಮಾಡುವ ಹಾಗೆ, ತನ್ನದೇ ಪರಾಗ ಬೀಳದಂತೆ ಚಿಮುಟದಲ್ಲಿ ಕೇಸರ (ಹೂವಿನ ಗಂಡು ಭಾಗ) ಕೀಳುವುದು ರಾಗಿಯಲ್ಲಿ ಬಲು ಕಷ್ಟ. ಅದಕ್ಕೆ ಹಸಿರು ಗಿಡವನ್ನು ತಾಯಿಯಾಗಿ, ನೇರಳೆ ಬಣ್ಣದ ಗಿಡವನ್ನು ತಂದೆಯಾಗಿ ಆರಿಸಿ, ಎರಡರ ತೆನೆಗಳನ್ನೂ ಜೊತೆಗೆ ಸೇರಿಸಿ ಕಟ್ಟಿ, ಮೇಲೆ ಕಾಗದದ ಚೀಲ ಹಾಕುತ್ತಾರೆ. ತಾಯಿ ತೆನೆಯ ಬಹುಪಾಲು ಕಾಳು ತನ್ನದೇ ಪರಾಗದಿಂದ ಆದದ್ದು, ಎಲ್ಲೋ ಕೆಲವು ಮಾತ್ರ ಕ್ರಾಸ್ ಆಗಿರುತ್ತವೆ. ಅವನ್ನು ಹುಡುಕುವುದು ಹೇಗೆ? ಅವರು ಅಂಥ ಕಾಳು ಬಿತ್ತಿ ಬೆಳೆಸಿದ್ದ ಟ್ರೇ ಎತ್ತಿ ಮಕ್ಕಳ ಕೈಗೇ ಕೊಟ್ಟರು. ಕಾಂಡದ ಗಂಟು ತೋರಿಸಿ, 'ಗಿಣ್ಣು ನೋಡ್ರಪ್ಪ' ಅಂದರು. ಹಸಿರು ಪೈರಿನ ಮಧ್ಯೆ ಅಲ್ಲೊಂದು ಇಲ್ಲೊಂದು ನೇರಳೆ ಗಿಣ್ಣು. ನೇರಳೆ ಬಣ್ಣ ಪ್ರಬಲ (ಡಾಮಿನೆಂಟ್) ಗುಣ, ಅಂದರೆ ತಂದೆ ತಾಯಿಯಲ್ಲಿ ಒಂದು ಕಡೆಯಿಂದ ಬಂದರೂ ಸಾಕು, ಹಾಗಾಗಿ ತಾಯಿ ಹಸಿರಿದ್ದರೂ ಕ್ರಾಸ್ ಆದ ಪೈರಿನಲ್ಲಿ ಅದು ಕಾಣುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದ 'ಡಾಮಿನೆಂಟ್' ಅನ್ನುವ ಪದ ಅವತ್ತು ಮಕ್ಕಳ ಬೆರಳ ತುದಿಯಲ್ಲಿತ್ತು. ಅಲ್ಲಿಂದ ಆ ಹಿರಿಯರು ರಾಗಿ ತಳಿ ವಿಜ್ಞಾನಿ 'ರಾಗಿ ಲಕ್ಷ್ಮಣಯ್ಯ'ನವರ ವಿಷಯಕ್ಕೆ ಬಂದರು. ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಲಕ್ಷ್ಮಣಯ್ಯನವರು ಇಂಡಾಫ್ (ಇಂಡಿಯಾ-ಆಫ್ರಿಕಾ) ತಳಿಗಳನ್ನು ಕೊಟ್ಟರು. ಒಬ್ಬ ಹುಡುಗ ಎದ್ದು, 'ಸರ್, ನಮ್ಮ ತಾತ ಇಂಡಾಫ್ ಬೆಳೀತಿದ್ರು, ಅದು ಯಾವುದೋ ಕಂಪನಿ ಹೆಸರು ಅಂದ್ಕೊಂಡಿದ್ದೆ' ಅಂದ. ನನಗೆ ಗಂಟಲು ಕಟ್ಟಿತು.

ಮದುವೆಯ ಪ್ರಶ್ನೆಗೆ ಒಬ್ಬ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶಪಾರಂಪರ್ಯ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು, ಬಂದರು. ಬೋರ್ಡಿನ ಮೇಲೆ ಚೌಕ, ವೃತ್ತ ಬರೆದು ವಂಶವೃಕ್ಷ ಹಾಕಿದರು. ಸೋದರಮಾವನನ್ನೇ ಮದುವೆಯಾದರೆ, ಹುಟ್ಟುವ ಮಗುವಿನ ಒಂದು ಜೀನಿನ ಎರಡೂ ಪ್ರತಿಗಳು ಹಿರಿಯರೊಬ್ಬರ ಒಂದೇ ಪ್ರತಿಯಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆ ಮಗಳು, ಮಾವನ ಮಗನಾದರೆ 16ರಲ್ಲಿ 1. ಆ ಪ್ರತಿ ಕೆಟ್ಟದ್ದಾಗಿದ್ದರೆ ಮಗುವಿಗೆ ಕಾಯಿಲೆ ಬರಬಹುದು. ಆಗ ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ ಕೇಳಿದಳು: 'ಮೇಡಂ, ನಮ್ಮಮ್ಮ ಸೋದರಮಾವನ್ನೇ ಮದುವೆ ಆಗಿರೋದು.' ಹಾಲ್ ನಿಶ್ಶಬ್ದವಾಯಿತು. ಅವರು ಚಾಕ್ ಕೆಳಗಿಟ್ಟರು. 'ಇಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಜಾಸ್ತಿ ಜನ ಆರೋಗ್ಯವಾಗೇ ಇರ್ತಾರಮ್ಮ, ನಿನ್ನ ಹಾಗೆ. ಮನೆಯಲ್ಲಿ ಹುಟ್ಟಿನಿಂದ ಬಂದ ಕಾಯಿಲೆ ಇದ್ರೆ ಮದುವೆಗೆ ಮುಂಚೆ ಒಂದ್ಸಲ ಬಂದು ಕೇಳಬೇಕು, ಅಷ್ಟೇ' ಅಂದರು. ಅವತ್ತಿನಿಂದ ನಾನು ಯಾರನ್ನೇ ಕರೆಯುವ ಮುಂಚೆ ಒಂದು ವಿಷಯ ವಿಚಾರಿಸುತ್ತೇನೆ: ಇವರು ಪ್ರಶ್ನೆ ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಾರಾ?

ಮೂರನೇ ವರ್ಷದ ಹೊತ್ತಿಗೆ ಕೆಲಸಕ್ಕೆ ಒಂದು ರೂಢಿ ಬಂತು. ನಾಲ್ಕು ತಿಂಗಳು ಮುಂಚೆ ಪತ್ರ ಹೋಗುತ್ತದೆ. ಕೇಳುವವರು ಯಾರು, ಅವರಿಗೆ ಈಗಾಗಲೇ ಏನು ಗೊತ್ತು, ಯಾವ ಪ್ರಶ್ನೆಗೆ ಉತ್ತರ ಬೇಕು, ಇಷ್ಟನ್ನು ಮೊದಲೇ ಬರೆಯುತ್ತೇನೆ. ಮಾತಿಗೆ 35 ನಿಮಿಷ, ಪ್ರಶ್ನೆಗೆ 15 ನಿಮಿಷ. ಆ 15ನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬಂದವರೆಲ್ಲ ರಾತ್ರಿ ಉಳಿಯಬೇಕು, ಒಬ್ಬೊಬ್ಬರೂ ಆರು ಪೋಸ್ಟರ್ ಮುಂದೆ ನಿಂತು ಮಾತಾಡಬೇಕು. ಇದಕ್ಕೆ ಒಪ್ಪದಿದ್ದರೆ ಎಷ್ಟು ದೊಡ್ಡವರಾದರೂ ನಮಸ್ಕಾರ ಹೇಳಿ ಬಿಡುತ್ತೇನೆ. ಟಿಕೆಟ್ ನಾವೇ ಬುಕ್ ಮಾಡುತ್ತೇವೆ. ಚಿಕ್ಕ ವಯಸ್ಸಿನ ಸಂಶೋಧಕರು ಕೈಯಿಂದ ದುಡ್ಡು ಹಾಕಿ ಟಿಎ (ಪ್ರಯಾಣ ಭತ್ಯೆ) ಬಿಲ್ಲಿಗೆ ತಿಂಗಳುಗಟ್ಟಲೆ ಕಾಯುವುದನ್ನು ನೋಡಿದ್ದೇನೆ. ರೋಗಿಗಳ ಫೋಟೊ ಇದ್ದರೆ ಅವರ ಒಪ್ಪಿಗೆ ಪಡೆದಿದ್ದಾರಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ಆ ಸ್ಲೈಡ್ ತೆಗೆಸುತ್ತೇನೆ.

ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯ ಬಗ್ಗೆ ಆ ವರ್ಷ ಒಂದು ಸೆಷನ್ ಪೂರ್ತಿ ಕನ್ನಡದಲ್ಲೇ ನಡೆಯಿತು. ಕೀಲುಗಳು ಸವೆದು ನಡೆಯಲೂ ಕಷ್ಟವಾಗುವ ಕಾಯಿಲೆ ಅದು. ಕೆಟ್ಟ ಜೀನಿನ ಒಂದೇ ಪ್ರತಿ ಇದ್ದರೂ ಕಾಯಿಲೆ ಬರುತ್ತದೆ, ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಅದಿದ್ದರೆ ಒಂದೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಜೀನ್, ಕ್ರೋಮೋಸೋಮ್ ಅನ್ನುವ ಪದಗಳನ್ನು ಹಾಗೇ ಇಟ್ಟುಕೊಂಡೆವು. ಎಲ್ಲೂ ತೊಡಕಾಗಲಿಲ್ಲ. ಮೂರು ವರ್ಷದಲ್ಲಿ ಅತಿ ಜಾಸ್ತಿ ಪ್ರಶ್ನೆ ಬಂದದ್ದು ಅದೇ ಸೆಷನ್‌ನಲ್ಲಿ.

ಈಗ ಜವಾಬ್ದಾರಿ ಇನ್ನೊಬ್ಬ ಮೇಡಂಗೆ ಹೋಗಿದೆ. ಅವರಿಗೆ ನನ್ನ ಡೈರಿ ಕೊಟ್ಟಿದ್ದೇನೆ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ವಂಶಪಾರಂಪರ್ಯ ಕಾಯಿಲೆಯಾದ ಸಿಕಲ್ ಸೆಲ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ 2023ರಲ್ಲಿ ಶುರುವಾಗಿದೆ, ನಮ್ಮ ಕಾಡಂಚಿನ ಬುಡಕಟ್ಟು ಜನರ ಹಾಡಿಗಳಿಗೆ ಅದು ಬಹಳ ಮುಖ್ಯ. ಈ ಸಲ ಅದರ ಬಗ್ಗೆ ಮಾತಾಡಲು ಪ್ರೊಫೆಸರ್ ಜೊತೆಗೆ, ಹಾಡಿಗೆ ಹೋಗಿ ಬೆರಳಿಂದ ರಕ್ತ ತೆಗೆಯುವ ಲ್ಯಾಬ್ ಟೆಕ್ನಿಷಿಯನ್ ಒಬ್ಬರನ್ನೂ ಕರೆಯಿರಿ ಅಂತ ಕೊನೆ ಪುಟದಲ್ಲಿ ಬರೆದಿದ್ದೇನೆ. ಅವರಿಗೂ ಅಷ್ಟೇ 35 ನಿಮಿಷ.