ಯಂತ್ರದ ಡಿಗ್ರಿ ಬೇರೆ, ತತ್ತಿಯ ಡಿಗ್ರಿ ಬೇರೆ

ಅಂಕೋಲೆ ಕಡೆ ಮನೆಯಲ್ಲಿ ಇಂಕ್ಯುಬೇಟರ್, ಅಂದರೆ ಕೋಳಿ ತತ್ತಿಗೆ ಕಾವು ಕೊಡುವ ಯಂತ್ರ, ಇಟ್ಟವರನ್ನು ಜನ ಮೊದಲು ಕೇಳುವುದು, "ನೂರಕ್ಕೆ ಎಷ್ಟು ಮರಿ ಬಿತ್ತು?" ಅಂತ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ. ಬಿದ್ದ ಮರಿಗಳಲ್ಲಿ ತಿಂಗಳು ದಾಟಿದ್ದೆಷ್ಟು?

ನಾನು ಮಾಡಿಸುವುದು ಹೆಚ್ಚಾಗಿ ಗಿರಿರಾಜ ಮತ್ತು ನಾಟಿ ಕೋಳಿಯ ಮರಿ. ಹೇಂಟೆ ಅವೇ, ಹುಂಜ ಅವೇ, ಆಹಾರ ಅದೇ, ಲಸಿಕೆಯೂ ಅದೇ. ಆದರೂ ಚಳಿಗಾಲದ ಮರಿಗಳಿಗೂ ಏಪ್ರಿಲ್-ಮೇ ಮರಿಗಳಿಗೂ ಅಜಗಜಾಂತರ. ಬೇಸಿಗೆಯಲ್ಲಿ 21ನೇ ದಿನಕ್ಕೆ ಕಾಯಬೇಕಾಗಿಯೇ ಇರಲಿಲ್ಲ, 20ಕ್ಕೇ ಚಿಂವ್‌ಚಿಂವ್ ಶುರು. ಬೇಗ ಬಂತಲ್ಲ ಅಂತ ಖುಷಿಪಡುವಂತಿರಲಿಲ್ಲ. ಕಾಲಿನ ಗಂಟು ಕೆಂಪಗೆ, ಹೊಕ್ಕುಳಲ್ಲಿ ಕಪ್ಪು ಚುಕ್ಕಿ, ಮೈಯ ತುಪ್ಪಳ ಬಿಳಚಿಕೊಂಡ ಹಾಗೆ. ಮೊದಲ ವಾರ ಹೇಗೋ ಕಳೆಯುತ್ತಿತ್ತು. ಎರಡು-ಮೂರನೇ ವಾರದಲ್ಲಿ ಒಂದೊಂದೇ ರೆಕ್ಕೆ ಇಳಿಬಿಟ್ಟು ಮೂಲೆ ಸೇರುತ್ತಿದ್ದವು.

ಹಾಗೆ ಸತ್ತ ಒಂದು ಮರಿಯನ್ನು ಪಶುವೈದ್ಯರ ಹತ್ತಿರ ಒಯ್ದೆ. ಅವರು ಕತ್ತರಿಸಿ, ಗುದದ್ವಾರದ ಮೇಲ್ಭಾಗದಲ್ಲಿ ಚಿಮುಟದ ತುದಿಯಿಂದ ಒಂದು ಚಿಕ್ಕ ಚೀಲವನ್ನು ಎತ್ತಿ ತೋರಿಸಿದರು. ಕಡಲೆಕಾಳಿಗಿಂತ ಸಣ್ಣದು. "ಇದು ಬರ್ಸಾ. ಈ ವಯಸ್ಸಿಗೆ ಇನ್ನೂ ದೊಡ್ಡದಿರಬೇಕಿತ್ತು. ನಿಮ್ಮ ಮಷಿನ್ ಎಷ್ಟಕ್ಕಿಟ್ಟಿದ್ದೀರಿ?" ಎಂದರು. ನಾನು ಗುಂಬೋರೋ ರೋಗವೇ ಅಂತ ಕೇಳಿದೆ. ಆ ರೋಗದ ವೈರಸ್ ಕೂಡ ದಾಳಿ ಮಾಡುವುದು ಇದೇ ಚೀಲದ ಮೇಲೆ. ಆದರೆ ಇದರಲ್ಲಿ ಆ ಲಕ್ಷಣ ಇಲ್ಲ ಎಂದರು.

ಕೋಳಿಯ ರೋಗನಿರೋಧಕ ಶಕ್ತಿಯ ಅರ್ಧ ಕತೆ ಈ ಚೀಲದಲ್ಲೇ ಇದೆ. ರೋಗಾಣುಗಳ ವಿರುದ್ಧ ಹೋರಾಡುವ ಆ್ಯಂಟಿಬಾಡಿ ಮಾಡುವ ಬಿ ಕಣಗಳು ಬೆಳೆಯುವುದು ಇಲ್ಲಿ. ಬಿ ಎಂಬ ಹೆಸರು ಬಂದದ್ದೇ ಬರ್ಸಾದಿಂದ. ಇದರ ಕೆಲಸ ಏನೆಂದು 1956ರಲ್ಲಿ ತೋರಿಸಿದವರು ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ಅವರ ಸಂಗಡಿಗರು. ಇನ್ನರ್ಧ ಕತೆ ಥೈಮಸ್‌ದು. ಅದು ಕುತ್ತಿಗೆಯ ಎರಡೂ ಬದಿಗೆ ಸರದ ಹಾಗೆ ಇರುತ್ತದೆ, ಟಿ ಕಣಗಳು ಅಲ್ಲಿ ತಯಾರಾಗುತ್ತವೆ. ಎರಡೂ ತತ್ತಿಯೊಳಗಿರುವಾಗಲೇ ರೂಪ ಪಡೆಯುತ್ತವೆ. ಕಾವಿನ ಎರಡನೇ ವಾರದಲ್ಲಿ ಮೂಲಕಣಗಳು ಬರ್ಸಾಕ್ಕೆ ಬಂದು ನೆಲೆಸುತ್ತವೆ. ಆಮೇಲೆ ಮರಿ ಒಡೆಯುವವರೆಗೂ ಭರದಿಂದ ಹೆಚ್ಚುತ್ತವೆ. ಅಂದರೆ ಕೊನೆಯ ವಾರ ಯಂತ್ರ ಬಿಸಿಯಾದರೆ ಪೆಟ್ಟು ಬೀಳುವುದು ಸರಿಯಾಗಿ ಇಂಥ ಹೊತ್ತಿಗೆ. ಅತಿ ಬಿಸಿಯಲ್ಲಿ ಬೆಳೆದ ಮರಿಗಳಲ್ಲಿ ಬರ್ಸಾ ಮತ್ತು ಹೃದಯ ಸಣ್ಣದಾಗಿರುವುದು, ಹೊಟ್ಟೆಯಲ್ಲಿ ತತ್ತಿಯ ಹಳದಿ ಕರಗದೆ ಜಾಸ್ತಿ ಉಳಿದಿರುವುದು ಪ್ರಯೋಗಗಳಲ್ಲಿ ಕಂಡಿದೆ. ಆ ಹಳದಿಯೂ ಸುಮ್ನೆ ಅಲ್ಲ. ತಾಯಿ ಕೊಟ್ಟ ಆ್ಯಂಟಿಬಾಡಿ ಇರುವುದು ಅದರಲ್ಲೇ. ಸ್ವಂತ ಶಕ್ತಿ ಬರುವವರೆಗೆ ಮರಿಯನ್ನು ಕಾಯುವುದು ಅದೇ ಬಂಡವಾಳ.

ಆದರೆ ನನ್ನ ಯಂತ್ರ ಯಾವಾಗಲೂ 37.6 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತಲ್ಲ! ಇಲ್ಲೇ ಇರುವುದು ಗುಟ್ಟು. ಆ ಅಂಕಿ ಗಾಳಿಯದ್ದು, ತತ್ತಿಯದ್ದಲ್ಲ. ಮೊದಲ ವಾರ ತತ್ತಿ ಗಾಳಿಯಿಂದ ಶಾಖ ತಗೊಳ್ಳುತ್ತದೆ. ನಡುವಿನ ವಾರದಲ್ಲಿ ಲೆಕ್ಕ ತಿರುಗುತ್ತದೆ. ಆಮೇಲೆ ಒಳಗಿನ ಮರಿಯೇ ಶಾಖ ಹೊರಬಿಡುತ್ತದೆ, ಅದನ್ನು ಗಾಳಿ ಒಯ್ಯಬೇಕು. ನಾನು ಕಿವಿಗೆ ಹಿಡಿಯುವಂಥ ಇನ್ಫ್ರಾರೆಡ್ ಥರ್ಮಾಮೀಟರ್ ತಂದೆ. ತತ್ತಿಯ ನಡು ಸೊಂಟಕ್ಕೆ ಹಿಡಿಯಬೇಕು. ದಪ್ಪ ತುದಿಯಲ್ಲಿ ಗಾಳಿಗುಳ್ಳೆ ಇರುವುದರಿಂದ ಅಲ್ಲಿ ಕಡಿಮೆ ತೋರಿಸುತ್ತದೆ. ಬಾಗಿಲು ತೆಗೆದ ಕೂಡಲೇ ನೋಡಬೇಕು, ತಡವಾದರೆ ಸಿಪ್ಪೆ ಆರಿಬಿಡುತ್ತದೆ. ಟಾರ್ಚ್ ಹಿಡಿದಾಗ ಖಾಲಿ ಅಂತ ಗೊತ್ತಾದ ಒಂದು ತತ್ತಿಯನ್ನು ಬೇಕೆಂದೇ ತಟ್ಟೆಯಲ್ಲಿ ಬಿಟ್ಟಿದ್ದೆ. 17ನೇ ದಿನ ಅದು 37.5, ಪಕ್ಕದ ಜೀವಂತ ತತ್ತಿ 38.9! ಯಂತ್ರದ ಪರದೆ ಮಾತ್ರ ಏನೂ ಆಗಿಲ್ಲ ಎಂಬಂತೆ 37.6.

ಸಿಪ್ಪೆಯ ಮೇಲೆ 37.8ರ ಆಸುಪಾಸು ಇರಬೇಕು. ಈಗ 14ನೇ ದಿನದ ಹೊತ್ತಿಗೆ ಗಾಳಿಯ ಶಾಖವನ್ನು 37.2ಕ್ಕೆ ಇಳಿಸುತ್ತೇನೆ, 18ಕ್ಕೆ ಇನ್ನೂ ಸ್ವಲ್ಪ. ಥರ್ಮಾಮೀಟರ್ ಹೇಳಿದಂತೆ ಕೈಯಾಡಿಸುತ್ತೇನೆ, ಪಟ್ಟಿ ನೋಡಿ ಅಲ್ಲ. ಫ್ಯಾನಿನ ಗಾಳಿ ಸರಿಯಾಗಿ ತಾಗದ ಮೂಲೆಯ ತಟ್ಟೆಯನ್ನು ಅರ್ಧವೇ ತುಂಬುತ್ತೇನೆ. ಗಾಳಿಕಿಂಡಿಗಳನ್ನು ಪೂರ್ತಿ ತೆಗೆದಿಡುತ್ತೇನೆ. ತೇವ ಹೋಗುತ್ತದೆ ಅಂತ ಬಟ್ಟೆ ತುರುಕುವವರನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ಕರಾವಳಿಯಲ್ಲಿ, ಅದೂ ಜೂನ್-ಜುಲೈನಲ್ಲಿ, ತೇವಕ್ಕೇನು ಬರ? ಮೊದಲ 18 ದಿನ ನೀರಿನ ತಟ್ಟೆ ಒಣಗಿದ್ದರೂ ತಲೆಕೆಡಿಸಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಯಂತ್ರವನ್ನು ತಗಡಿನ ಮಾಡಿನ ಕೋಣೆಯಿಂದ ಹಂಚಿನ ಮನೆಯ ನಡುಮನೆಗೆ ಸಾಗಿಸಿದ್ದೇ ದೊಡ್ಡ ಉಪಕಾರವಾಯಿತು. ಹೆಂಡತಿ ಇನ್ನೂ ಗೊಣಗುತ್ತಾಳೆ, ಅದು ಬೇರೆ ಮಾತು.

ಹಾಗಂತ ತಣ್ಣಗಿದ್ದಷ್ಟೂ ಒಳ್ಳೆಯದು ಅಂತಲ್ಲ. ಅಮೆರಿಕದ ಮರಬಾತುಗಳ ತತ್ತಿಗಳನ್ನು 35, 35.9 ಮತ್ತು 37 ಡಿಗ್ರಿಯಲ್ಲಿಟ್ಟು ನೋಡಿದ್ದಾರೆ. 35ರಲ್ಲಿ ಬಂದ ಮರಿಗಳ ರೋಗನಿರೋಧಕ ಪ್ರತಿಕ್ರಿಯೆಯೇ ಮಂಕಾಗಿತ್ತು. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟು ಹೋದಾಗ ನನಗೆ ಈ ಚಿಂತೆ. ಮೊದಲ ವಾರದ ತತ್ತಿಗಳಿದ್ದರೆ ಕೂಡಲೇ ಇನ್ವರ್ಟರ್‌ಗೆ ಹಾಕುತ್ತೇನೆ. ಕೊನೆಯ ವಾರದವಾದರೆ ಮೊದಲು ಓಡಬೇಕಾದ್ದು ಫ್ಯಾನು, ಹೀಟರ್ ಅಲ್ಲ. ತುಂಬಿದ ಪೆಟ್ಟಿಗೆಯಲ್ಲಿ ಗಾಳಿ ನಿಂತರೆ ತತ್ತಿಗಳು ತಮ್ಮ ಬಿಸಿಗೆ ತಾವೇ ಬೇಯುತ್ತವೆ.

ಇಷ್ಟು ಮಾಡಿದ ಮೇಲೆ ಬೇಸಿಗೆಯ ಮರಿಗಳು 21ಕ್ಕೇ ಬರುತ್ತಿವೆ, ಹೊಕ್ಕುಳು ಮುಚ್ಚಿರುತ್ತದೆ, ಮೂರನೇ ವಾರದ ಸಾವು ಬಹಳ ಇಳಿದಿದೆ. ಎಲ್ಲ ಶ್ರೇಯವೂ ಕಾವಿನದ್ದೇ ಅಂತ ಹೇಳಲಾರೆ. ಅದೇ ಸಮಯಕ್ಕೆ ಮರಿಗಳನ್ನು ಬೆಚ್ಚಗಿಡುವ ಬ್ರೂಡರ್‌ನ ಹಾಸು ಬದಲಿಸಿದ್ದೆ, ಕೋಣೆಯೂ ಬೇರೆಯಾಗಿತ್ತು. ಆದರೆ ಬಿಸಿಯಲ್ಲಿ ಬಳಲಿ ಬಂದ ಮರಿಗೆ ಎಷ್ಟು ಒಳ್ಳೆಯ ಲಸಿಕೆ ಹಾಕಿದರೂ ಅದಕ್ಕೆ ಸ್ಪಂದಿಸಬೇಕಾದ್ದು ಅದೇ ಸೊರಗಿದ ಬರ್ಸಾ, ಅಲ್ವಾ?

ಲಸಿಕೆ ತಪ್ಪಿಸುವ ಹಾಗಂತೂ ಇಲ್ಲ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲಿ, ಗುಂಬೋರೋಗೆ ಎರಡನೇ ವಾರದಲ್ಲಿ. ತೊಂದರೆ ಏನೆಂದರೆ ನೂರು ಡೋಸಿನ ಬಾಟಲಿ ಒಡೆದರೆ ಒಂದೆರಡು ತಾಸಿನಲ್ಲೇ ಮುಗಿಸಬೇಕು, ನನ್ನ ಮರಿಗಳು ಅಷ್ಟಿರುವುದಿಲ್ಲ. ಅದಕ್ಕೇ ಪಕ್ಕದ ಕೇರಿಯಲ್ಲಿ ಯಂತ್ರ ಇಟ್ಟವರ ಜೊತೆ ಮಾತಾಡಿಕೊಂಡು ಇಬ್ಬರೂ ಒಂದೇ ದಿನ ತತ್ತಿ ಇಡುತ್ತೇವೆ. ಬಾಟಲಿಯ ದುಡ್ಡು ಅರ್ಧರ್ಧ.